ಇದ್ದಿಲಿಗಿಂತ ಒಂದು ಕೈ ಹೆಚ್ಚು

ಇದನ್ನು ಬರೆಯುತ್ತಿರುವ ಮನುಷ್ಯ ಒಂದು ಚಳಿಗಾಲವಿಡೀ ಮಸಿಯಕ್ಕನನ್ನು ಇದ್ದಿಲು ಮಾರುವವಳು ಎಂದೇ ತಿಳಿದಿದ್ದ. ತಪ್ಪು ಪೂರ್ತಿ ಅವನದೇ ಎನ್ನುವಂತಿಲ್ಲ. ಬೆಳಿಗ್ಗೆ ಎಂಟೂವರೆಯ ಬಸ್ಸು ಹತ್ತುವಾಗ ಆಕೆಯ ಹೆಗಲ ಮೇಲೊಂದು ಗೋಣಿಚೀಲ. ಸಂಜೆ ಇಳಿಯುವಾಗ ಮೊಣಕೈವರೆಗೆ ಮಸಿ, ಮೂಗಿನ ತುದಿಯಲ್ಲೊಂದು ಕರಿ ಬೊಟ್ಟು. ಓದುಬರಹ ಬಲ್ಲವರಿಗೆ ಇಷ್ಟು ಸಾಕ್ಷಿ ಸಿಕ್ಕಿದರೆ ಸಾಕು, ತೀರ್ಪು ಬರೆದೇಬಿಡುತ್ತಾರೆ. ಒಂದು ದಿನ ಆತ ದೊಡ್ಡ ಮನಸ್ಸು ಮಾಡಿ, ಬಸ್ಸಿನ ಕಂಬಿ ಹಿಡಿದು ನಿಂತಿದ್ದ ಆಕೆಗೆ ಹೇಳಿದ:

"ನಮ್ಮನೆ ಒಲೆಗೆ ಅರ್ಧ ಚೀಲ ಹಾಕಿಸಿಬಿಡಿ. ಒದ್ದೆ ಇರಬಾರದು ನೋಡಿ, ಹೋದ ಸಲ ಯಾರೋ ಒದ್ದೆ ಇದ್ದಿಲು ಕೊಟ್ಟು ಟೋಪಿ ಹಾಕಿದರು."

ಆಕೆ ಚೀಲದ ಕಡೆ ಒಮ್ಮೆ, ಅವನ ಕಡೆ ಒಮ್ಮೆ ನೋಡಿದಳು. ಚೀಲದಲ್ಲಿ ಇದ್ದದ್ದು ಹಳೇ ಪತ್ರಿಕೆಗಳು.

"ಇದ್ದಿಲು ಇಲ್ಲ ಸಾರ್. ಇದ್ದಿಲಿಗಿಂತ ಕಪ್ಪಗಿರೋದು ಒಂದಿದೆ. ಆದರೆ ನಿಮ್ಮನೆ ಬಾಗಿಲಲ್ಲಿ ಹಿಡಿಸಲ್ಲ, ಗುರುಗ್ರಹಕ್ಕಿಂತ ದಪ್ಪ."

ಹೀಗೆಂದು ಇಳಿದು ಹೋದಳು. ಆತ ಮನೆಗೆ ಹೋಗಿ, ಇದ್ದಿಲಿನ ಹೆಂಗಸಿಗೆ ಪಾಪ ತಲೆ ನೆಟ್ಟಗಿಲ್ಲ ಎಂದು ಹೆಂಡತಿಯ ಬಳಿ ಮರುಕಪಟ್ಟ. ಆಕೆ ಹೇಳಿದ್ದು ಒಂದಕ್ಷರವೂ ಹೆಚ್ಚುಕಮ್ಮಿಯಿಲ್ಲದ ನಿಜ ಎಂದು ಅವನಿಗೆ ತಿಳಿಯುವಷ್ಟರಲ್ಲಿ ಬೇಸಿಗೆ ಬಂದಿತ್ತು. ಸದ್ಯಕ್ಕೆ ಅವನ ವಿಷಯ ಬಿಡಿ. ಕಡೆಯಲ್ಲೊಂದು ಪೆದ್ದು ಪ್ರಶ್ನೆ ಕೇಳಲು ಹೇಗೂ ಬರುತ್ತಾನೆ.

ಮಸಿಯಕ್ಕನ ಕೆಲಸ ಗ್ರಹ ಮಾಡುವುದು. ವಿಜ್ಞಾನ ಭವನದ ಹಿತ್ತಲಲ್ಲಿ, ಜನರೇಟರ್ ಕೋಣೆಗೂ ಮುರಿದ ಕುರ್ಚಿಗಳ ಗುಡ್ಡೆಗೂ ನಡುವೆ, ತಗಡಿನ ಮಾಡಿನ ಒಂದು ಕೋಣೆ ಇದೆ. ಬಾಗಿಲ ಮೇಲೆ 'ಮಾದರಿ ವಿಭಾಗ' ಎಂಬ ಫಲಕ. ವಿಭಾಗ ಎಂದರೆ ಆಕೆಯೊಬ್ಬಳೇ. ವಿಭಾಗದ ಸಭೆ ಎಂದರೆ ಆಕೆ ಊಟದ ಡಬ್ಬಿ ಬಿಚ್ಚಿ ಕೂತು ಯೋಚನೆ ಮಾಡುವುದು. ಹಳೇ ಪತ್ರಿಕೆಗಳನ್ನು ನೆನೆಸಿ, ರುಬ್ಬಿ, ಮೈದಾ ಅಂಟು ಬೆರೆಸಿ, ತಂತಿಯ ಪಂಜರದ ಮೇಲೆ ಪದರ ಪದರವಾಗಿ ಮೆತ್ತುತ್ತಾಳೆ. ಒಣಗಿದ ಮೇಲೆ ಮರಳು ಕಾಗದದಲ್ಲಿ ಉಜ್ಜಿ ಬಣ್ಣ ಹಚ್ಚುತ್ತಾಳೆ. ಹೀಗಾಗಿ ಭವನದ ಶನಿಗ್ರಹದ ಹೊಟ್ಟೆಯೊಳಗೆ ಮೂರು ವರ್ಷದ ಹಿಂದಿನ ಚುನಾವಣಾ ಭಾಷಣಗಳಿವೆ. ಗುರುಗ್ರಹದ ತುಂಬ ವಧುವರರ ಜಾಹೀರಾತು. ಗ್ರಹಗಳ ಒಳಗೇನಿದೆ ಎಂದು ವಿಜ್ಞಾನಿಗಳು ತಲೆಕೆಡಿಸಿಕೊಳ್ಳುವಾಗ ಈಕೆಗೆ ಮಾತ್ರ ಅಂಥ ಸಂಶಯವಿಲ್ಲ.

ಹನ್ನೊಂದು ವರ್ಷದಿಂದ ಆಕೆ ಅಲ್ಲಿ ಹಂಗಾಮಿ. ಪ್ರತಿ ಹನ್ನೊಂದು ತಿಂಗಳಿಗೊಮ್ಮೆ ಆಕೆಯ ನೌಕರಿ ಒಂದು ದಿನದ ಮಟ್ಟಿಗೆ ಸಾಯುತ್ತದೆ, ಮರುದಿನ ಬೆಳಿಗ್ಗೆ ಹುಟ್ಟುತ್ತದೆ. ನಡುವಿನ ಆ ಒಂದು ದಿನ ಕಾನೂನಿನ ಪ್ರಕಾರ ಆಕೆ ಭವನಕ್ಕೆ ಯಾರೂ ಅಲ್ಲ. ಆದರೂ ಅಂಟು ಒಣಗಿಹೋಗುತ್ತದೆಂದು ಬಂದು ಕೂರುತ್ತಾಳೆ. ಈ ಸಲದ ಚಳಿಗಾಲದಲ್ಲಿ ಒಂದು ಸುತ್ತೋಲೆ ಬಂತು: ಹಣಕಾಸು ವರ್ಷದ ಕೊನೆಗೆ ಹಂಗಾಮಿಗಳೆಲ್ಲ ಒಂದೋ ಕಾಯಂ ಆಗಬೇಕು, ಇಲ್ಲ ಮನೆಗೆ ಹೋಗಬೇಕು. ಆಕೆಗೆ ಐವತ್ತಮೂರು. 'ಗ್ರಹ ಮಾಡುವವರು ಬೇಕಾಗಿದ್ದಾರೆ' ಎಂಬ ಜಾಹೀರಾತು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಬಂದಿದ್ದರೆ ಆಕೆಗೆ ಗೊತ್ತಾಗುತ್ತಿತ್ತು, ಎಲ್ಲ ಪತ್ರಿಕೆಗಳನ್ನೂ ರುಬ್ಬುವವಳು ಆಕೆಯೇ. ಆಕೆಯನ್ನು ಕಾಯಂ ಮಾಡುವ ಕಡತ ನಿರ್ದೇಶಕರ ಮೇಜಿನ ಮೇಲೆ, ಕೆಳಗಿನಿಂದ ಮೂರನೆಯದಾಗಿ, ಕೂತಿತ್ತು.

ಗ್ರಹಗಳಿಗೆ ಬರುವ ಮೊದಲು ಆಕೆ ಮನುಷ್ಯರಿಗೆ ಬಣ್ಣ ಹಚ್ಚುತ್ತಿದ್ದಳು. ಒಂದು ಫೋಟೋ ಸ್ಟುಡಿಯೋದಲ್ಲಿ, ಕಿಟಕಿ ಪಕ್ಕದ ಇಳಿಜಾರು ಮೇಜಿನಲ್ಲಿ ಕೂತು, ಮೂರು ಕೂದಲಿನ ಕುಂಚದಿಂದ ಜನರ ಮುಖ ತಿದ್ದುವ ಕೆಲಸ. ಮೊಡವೆ ಅಳಿಸುವುದು, ಬೋಳು ತಲೆಗೆ ನಾಲ್ಕು ಕೂದಲು ನೆಡುವುದು, ಹವಾಲ್ದಾರರ ಮೀಸೆಯನ್ನು ಇನ್‌ಸ್ಪೆಕ್ಟರ್ ದರ್ಜೆಗೆ ಏರಿಸುವುದು. ಇವೆಲ್ಲ ಗಿರಾಕಿ ಕೇಳಿದರೆ ಮಾತ್ರ. ಕೇಳದೆಯೂ ಮಾಡಬೇಕಾದದ್ದು ಒಂದಿತ್ತು.

"ಯಾರೇ ಬರಲಿ, ಎರಡು ಮೆಟ್ಟಿಲು ತಿಳಿ ಮಾಡು," ಎಂದಿದ್ದರು ಸ್ಟುಡಿಯೋ ಯಜಮಾನರು. "ಬೆಳ್ಳಗೆ ಮಾಡಿದ್ದಕ್ಕೆ ಜಗಳ ಆಡಿದ ಗಿರಾಕಿ ಇನ್ನೂ ಹುಟ್ಟಿಲ್ಲ."

ಹದಿನಾರು ವರ್ಷ ಆಕೆ ಹಾಗೇ ಮಾಡಿದಳು. ಊರಿನ ಅರ್ಧ ಗೋಡೆಗಳ ಮೇಲೆ, ತಾವಲ್ಲದ ತಿಳಿಬಣ್ಣದ ಜನ ಚೌಕಟ್ಟಿನೊಳಗೆ ಕೂತು ನಗುತ್ತಿದ್ದರು. ಕಪ್ಪಗಿದ್ದ ಆಕೆ ತನ್ನ ಸ್ವಂತ ಮದುವೆಯ ಫೋಟೋವನ್ನೂ ತಾನೇ ತಿದ್ದಿ ಬೆಳ್ಳಗೆ ಮಾಡಿಕೊಂಡಿದ್ದಳು. ಅದನ್ನು ನೋಡಿದಾಗೆಲ್ಲ ಗಂಡ, "ಇವರ್ಯಾರೇ? ನಾನು ನಿನ್ನ ಹತ್ರ ಹೇಳದೆ ಇನ್ನೊಂದು ಮದುವೆ ಮಾಡ್ಕೊಂಡಿದ್ದೀನಾ?" ಎಂದು ಕೇಳುತ್ತಿದ್ದ.

ಜಗಳವಾಡುವ ಗಿರಾಕಿ ಕೊನೆಗೂ ಒಂದು ದಿನ ಬಂದಳು. ವಯಸ್ಸಾದ ಹೆಂಗಸು. ಜ್ವರದಲ್ಲಿ ತೀರಿಹೋದ ಮಗನ ಸಣ್ಣ ಫೋಟೋ ಕೊಟ್ಟು ದೊಡ್ಡದು ಮಾಡಿಸಲು ಹೇಳಿ ಹೋಗಿದ್ದಳು. ಚೌಕಟ್ಟು ಹಾಕಿದ ಚಿತ್ರವನ್ನು ಕೈಗೆತ್ತಿಕೊಂಡು, ಗಾಜಿನ ಮೇಲೆ ಧೂಳಿರಬಹುದೆಂದು ಒರೆಸಿದಳು. ಮತ್ತೆ ಒರೆಸಿದಳು.

"ಇದ್ಯಾರಮ್ಮ?"

"ನಿಮ್ಮ ಮಗ, ಅಮ್ಮ."

"ಅಲ್ಲ. ನನ್ನ ಮಗ ಪಾತ್ರೆ ತಳದ ಹಾಗಿದ್ದ. ದೀಪ ಆರಿದರೆ ಅವನನ್ನ ಹಲ್ಲು ನೋಡಿ ಹುಡುಕಬೇಕಾಗಿತ್ತು. ಇವನು ಯಾರೋ ಆಫೀಸರ ಮಗ ಇದ್ದ ಹಾಗಿದ್ದಾನೆ. ನನ್ನ ಮಗನ್ನ ಎಲ್ಲಿ ಹಾಕಿದೆ?"

ಅದರಲ್ಲಿ ಸಿಟ್ಟಿರಲಿಲ್ಲ. ಅಂಗಡಿಯಲ್ಲಿ ಚೀಲ ಮರೆತವರು ಕೇಳುವಂತೆ ಕೇಳಿದ್ದಳು, ಅಷ್ಟೇ. ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ, ಚೌಕಟ್ಟು ಬಿಚ್ಚಿ, ಈಕೆ ಮಧ್ಯಾಹ್ನವಿಡೀ ಆ ಹುಡುಗನ ಬಣ್ಣವನ್ನು ಒಂದೊಂದೇ ಮೆಟ್ಟಿಲು ಕೆಳಗಿಳಿಸಿದಳು. "ಇನ್ನೂ," ಎನ್ನುತ್ತಿದ್ದಳು ತಾಯಿ. "ಇನ್ನೊಂದು ಚೂರು." ಕೊನೆಗೊಮ್ಮೆ ಸುಮ್ಮನಾದಳು. ಸುಮ್ಮನಾದದ್ದೇ ಸರಿಯಾಗಿದೆ ಎಂಬುದಕ್ಕೆ ಗುರುತು. ಅಂದಿನಿಂದ ಈಕೆ ಯಾರನ್ನೂ ತಿಳಿ ಮಾಡಲಿಲ್ಲ. ಗಿರಾಕಿಗಳು ಗೊಣಗಿದರು, ಯಜಮಾನರು ಕೂಗಾಡಿದರು, ಮೊಬೈಲ್ ಫೋನು ಬಂದು ಇಬ್ಬರ ಜಗಳವನ್ನೂ ಸ್ಟುಡಿಯೋದ ಸಮೇತ ಮುಗಿಸಿತು. ಬಾಗಿಲು ಹಾಕಿದ ದಿನ ಯಜಮಾನರು ಆಕೆಗೆ ಒಂದು ಮರದ ಕ್ಯಾಮೆರಾ ಕೊಟ್ಟರು. ಲೆನ್ಸು ಕಳೆದುಹೋಗಿ, ಆ ಜಾಗದಲ್ಲಿ ಬರೀ ತೂತು ಉಳಿದಿದ್ದ ಆ ಪೆಟ್ಟಿಗೆಯ ಮೇಲೆ ಮಾದರಿ ವಿಭಾಗದ ಕುಂಚದ ಡಬ್ಬಿಗಳು ಕೂತವು.

ಚಳಿಗಾಲದ ಮೊದಲಲ್ಲಿ ಭವನದವರು 'ದೂರದ ಲೋಕಗಳು' ಎಂಬ ಹೊಸ ಕೋಣೆ ತೆರೆಯುವುದೆಂದು ನಿಶ್ಚಯಿಸಿದರು. ಬೇರೆ ನಕ್ಷತ್ರಗಳ ಸುತ್ತ ತಿರುಗುವ ಏಳು ಗ್ರಹಗಳ ಮಾದರಿ ಬೇಕು. ಆರನ್ನು ಆಕೆ ಸಲೀಸಾಗಿ ಮಾಡಿ ಮುಗಿಸಿದಳು. ಏಳನೆಯದರ ವಿವರ ತಂದುಕೊಟ್ಟವರು ಖಗೋಳದ ಮೇಷ್ಟ್ರು. ಗುಮ್ಮಟದೊಳಗೆ ದಿನಕ್ಕೆ ನಾಲ್ಕು ಪ್ರದರ್ಶನ ನಡೆಸಿ ನಡೆಸಿ, ಒಬ್ಬರ ಹತ್ತಿರ ಮಾತಾಡುವಾಗಲೂ ಮುನ್ನೂರು ಜನರನ್ನು ಉದ್ದೇಶಿಸಿ ಮಾತಾಡುವ ಅಭ್ಯಾಸ ಅವರಿಗೆ.

"ಇದರ ಹೆಸರು ಟ್ರೆಸ್-2ಬಿ," ಎಂದರು ಅವರು, ತಗಡಿನ ಮಾಡಿಗೆ ಕೇಳಿಸುವಂತೆ. "ಸುಮಾರು ಏಳುನೂರ ಐವತ್ತು ಜ್ಯೋತಿರ್ವರ್ಷ ದೂರ. ಗುರುಗ್ರಹಕ್ಕಿಂತ ತುಸು ದೊಡ್ಡದು. ಇದನ್ನು ನೇರವಾಗಿ ಯಾರೂ ನೋಡಿಲ್ಲ. ತನ್ನ ಸೂರ್ಯನ ಮುಂದೆ ಹಾದುಹೋಗುವಾಗ ಆ ಬೆಳಕು ಒಂದು ಚೂರು ಕುಂದಿತು, ಅಷ್ಟೇ ನಮಗೆ ಸಿಕ್ಕ ಸುಳಿವು. ಇದರ ಒಂದು ವರ್ಷ ಎಂದರೆ ನಮ್ಮ ಎರಡೂವರೆ ದಿನ. ಸಾವಿರ ಡಿಗ್ರಿಗೂ ಮೇಲೆ ಬಿಸಿ. ಮತ್ತು ಇದು, ಈವರೆಗೆ ಗೊತ್ತಿರುವ ಗ್ರಹಗಳಲ್ಲಿ, ಅತ್ಯಂತ ಕಪ್ಪು."

"ಎಷ್ಟು ಕಪ್ಪು?" ಎಂದಳು ಆಕೆ. ಬಣ್ಣದವರಿಗೆ ಬೇಕಾದ್ದು ಅದೊಂದೇ.

"ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಒಂದು ಪಾಲನ್ನೂ ಇದು ವಾಪಸು ಕೊಡುವುದಿಲ್ಲ. ಇದ್ದಿಲಿಗಿಂತ ಕಪ್ಪು. ನಿಮ್ಮ ಡಬ್ಬಿಯಲ್ಲಿರುವ ಕಪ್ಪು ಬಣ್ಣಕ್ಕಿಂತಲೂ ಕಪ್ಪು. ಯಾಕೆ ಹಾಗೆ ಅಂತ ಇನ್ನೂ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಒಳಗಿನ ಬಿಸಿಗೆ ತೀರಾ ಮಂಕಾದ ಒಂದು ಕೆಂಪು ಮಾತ್ರ ಇರಬಹುದು, ಬೂದಿ ಮುಚ್ಚಿದ ಕೆಂಡದ ಥರ."

"ಬಣ್ಣಕ್ಕಿಂತ ಕಪ್ಪಗಿರೋದನ್ನ ಬಣ್ಣದಲ್ಲಿ ಹೇಗೆ ಮಾಡ್ಲಿ ಮೇಷ್ಟ್ರೇ?"

ಮುನ್ನೂರು ಜನರ ಪರವಾಗಿ ಬಂದ ಈ ಪ್ರಶ್ನೆ ಕೇಳಿ ಮೇಷ್ಟ್ರು ಕೈಗಡಿಯಾರ ನೋಡಿಕೊಂಡು ಮುಂದಿನ ಪ್ರದರ್ಶನಕ್ಕೆ ಹೊರಟರು.

ಆಕೆ ಮೂರಡಿ ಚೆಂಡು ಮಾಡಿ ಅಂಗಡಿಯ ಕಡುಗಪ್ಪು ಬಳಿದಳು. ದೀಪದ ಕೆಳಗೆ ತೂಗುಹಾಕಿದರೆ, ತಿಕ್ಕಿ ತೊಳೆದ ಬಾಣಲೆಯ ಹಾಗೆ ಮಿರಮಿರ ಮಿಂಚಿತು. ಹೊಳಪಿಲ್ಲದ ಬಣ್ಣ ತಂದಳು. ಬೂದು ಬಣ್ಣಕ್ಕೆ ತಿರುಗಿತು. ಅಂಗಡಿಯ ಕಪ್ಪೆಲ್ಲ ಬೆಳಕಿಗೆ ಹೆದರುವ ಕಪ್ಪು ಎಂದು ಗೊತ್ತಾದ ಮೇಲೆ, ಮನೆಯಲ್ಲಿ ಸೀಮೆಎಣ್ಣೆ ದೀಪದ ಮೇಲೆ ಸ್ಟೀಲ್ ತಟ್ಟೆ ಕವುಚಿ ಹಿಡಿದು ಮಸಿ ಕೂಡಿಸತೊಡಗಿದಳು. ಹೆಸರು ಬಂದದ್ದು ಆಗಲೇ. ಮಸಿ ಹಚ್ಚಿದಾಗ ಚೆಂಡು ಮೊದಲಿಗಿಂತ ಚೆನ್ನಾಗಿತ್ತು, ಆದರೂ ದೀಪ ಬಿದ್ದ ಕಡೆ ಒಂದು ಬೂದು ಮಚ್ಚೆ ಮೂಡಿ, ಇದು ಚೆಂಡು, ಇದು ಕಾಗದ, ಇದು ನಾನು ಮಾಡಿದ್ದು ಎಂದು ಸಾರುತ್ತಿತ್ತು.

ಉದ್ಘಾಟನೆಗೆ ಹತ್ತು ದಿನವಿರುವಾಗ ನಿರ್ದೇಶಕರು ಪರಿಶೀಲನೆಗೆ ಬಂದರು. ಅವರು ಮೀನುಗಾರಿಕೆ ಇಲಾಖೆಯಿಂದ ವರ್ಗವಾಗಿ ಬಂದವರು. ಕೆರೆಗೆ ಮೀನಿನ ಮರಿ ಬಿಡುವಾಗಲೂ ಆಕಾಶಕ್ಕೆ ಗ್ರಹ ಬಿಡುವಾಗಲೂ ಅವರದು ಒಂದೇ ಮಾತು: ಆಕರ್ಷಕವಾಗಿರಬೇಕು.

"ಏನಮ್ಮ ಇದು, ಕೆಟ್ಟುಹೋದ ಬಲ್ಬಿನ ಹಾಗೆ? ನೀಲಿ ಹೊಡೀರಿ. ಅಲ್ಲಲ್ಲಿ ಸ್ವಲ್ಪ ಗುಲಾಬಿ. ಒಂದು ಉಂಗುರ ಇದ್ರೆ ಇನ್ನೂ ಆಕರ್ಷಕವಾಗಿರುತ್ತೆ."

"ಅದು ಕಪ್ಪು ಸಾರ್."

"ಕಪ್ಪು ಅನ್ನೋದು ಬಣ್ಣವೇ ಅಲ್ಲಮ್ಮ."

"ಅದಕ್ಕೇ ಸಾರ್ ಇಷ್ಟು ಕಷ್ಟ ಆಗಿರೋದು."

ನಿರ್ದೇಶಕರು ನಕ್ಕರು. ನಗುವ ಅಧಿಕಾರಿ ಹೆಚ್ಚು ಅಪಾಯಕಾರಿ ಎಂದು ಆಕೆಗೆ ಗೊತ್ತಿತ್ತು. "ಏಳುನೂರ ಐವತ್ತು ಜ್ಯೋತಿರ್ವರ್ಷ. ಯಾರು ಹೋಗಿ ನೋಡಿ ಬಂದಿದ್ದಾರೆ? ಯಾರಾದ್ರೂ ಬಂದು ಕೇಳ್ತಾರಾ, ನೀಲಿ ಯಾಕೆ ಹಚ್ಚಿದ್ರಿ ಅಂತ? ಮುಖ್ಯ ಅತಿಥಿಗಳು ಬರೋ ಹೊತ್ತಿಗೆ ನೀಲಿ ಆಗಿರಬೇಕು. ನಿಮ್ಮ ಕಡತ ನನ್ನ ಮೇಜಿನ ಮೇಲೇ ಇದೆ, ನೆನಪಿದೆಯಲ್ಲ?"

 ಆಕೆಗೆ ಹೇಳುವುದಿತ್ತು, ಆದರೆ ಆ ಮಾತಿಗೆ ಸ್ಟುಡಿಯೋದ ಕುರ್ಚಿಯಲ್ಲಿ ಮಧ್ಯಾಹ್ನವಿಡೀ ಕೂತಿದ್ದ ಆ ತಾಯಿಯನ್ನು ಕರೆತರಬೇಕಾಗುತ್ತಿತ್ತು. ನಿರ್ದೇಶಕರಿಗೆ ಅಷ್ಟು ಹೊತ್ತಿರಲಿಲ್ಲ.

ಮನೆಯಲ್ಲಿ ಅತ್ತೆಯವರು ತಟ್ಟೆ ಹಿಡಿದು ಕಾಯುತ್ತಿದ್ದರು. ಎಪ್ಪತ್ತೆಂಟು ದಾಟಿದರೂ ನಾಲಿಗೆಗೆ ಇನ್ನೂ ಇಪ್ಪತ್ತೈದು.

"ಏನೇ, ಈ ತಟ್ಟೇಲಿ ನಾನು ಊಟ ಮಾಡ್ಲಾ, ಇಲ್ಲಾ ನಿನ್ನ ಗ್ರಹ ಮಾಡುತ್ತಾ? ಅದಕ್ಕೆ ವಯಸ್ಸೆಷ್ಟು?"

"ವಯಸ್ಸು ಗೊತ್ತಿಲ್ಲ ಅತ್ತೆ. ಅಲ್ಲಿ ಎರಡೂವರೆ ದಿನಕ್ಕೊಂದು ವರ್ಷ."

ಅತ್ತೆ ಲೆಕ್ಕದಲ್ಲಿ ಗಟ್ಟಿ. ಬೆರಳು ಮಡಿಸಿ ಬಿಚ್ಚಿ, ಸ್ವಲ್ಪ ಹೊತ್ತಿನ ಮೇಲೆ ಹೇಳಿದರು: "ಹಾಗಾದ್ರೆ ಅಲ್ಲಿ ನನಗೆ ಹನ್ನೊಂದು ಸಾವಿರ ವರ್ಷ ತುಂಬಿರುತ್ತೆ. ನೀನು ಹಂಗಾಮಿಯಾಗಿ ಸಾವಿರದ ಆರುನೂರು ವರ್ಷ ಕಳೆದಿರ್ತೀಯ. ಆಗಲೂ ಕಾಯಂ ಆಗಿರಲ್ಲ ಬಿಡು. ನಮ್ಮ ಪಾಲಿಗೆ ಸೊಸೆ ಕಾಯಂ, ಅವಳ ಕೆಲಸ ಹಂಗಾಮಿ."

ಆಕೆ ಆ ದಿನ ನಡೆದದ್ದನ್ನು ಹೇಳಿದಳು. ಗಂಡ ಊಟದ ನಡುವೆ ಕೈ ನಿಲ್ಲಿಸಿ ಕೇಳಿಸಿಕೊಂಡ. ಅವನದು ಬೀಗ ರಿಪೇರಿ ಅಂಗಡಿ. ಕಿವಿ ಬೀಗಕ್ಕೆ ಹಚ್ಚಿ ಹಚ್ಚಿ ಅವನಿಗೆ ಸುಮ್ಮನೆ ಕೇಳುವುದು ಒಗ್ಗಿಹೋಗಿತ್ತು.

"ನೀಲಿ ಹಚ್ಚಿದ್ರೆ ಕಾಯಂ ಆಗುತ್ತೆ, ಅಲ್ವಾ?" ಎಂದ.

"ಆಗಬಹುದು."

"ಕಪ್ಪು ಮಾಡಿದ್ರೆ ಮನೆಗೆ."

"ಹೌದು ರೀ. ಕಪ್ಪಾದರೂ ಸರಿಯಾಗಿ ಬಂದಿದ್ರೆ ಒಂದು ಮಾತು. ಅದೂ ಬರ್ತಾ ಇಲ್ಲ."

"ನಾಳೆ ನಿನ್ನ ಕೋಣೆ ಬಾಗಿಲ ಬೀಗ ನೋಡೋಕೆ ಬರ್ತೀನಿ. ಕಿರುಗುಟ್ಟುತ್ತೆ ಅಂದಿದ್ದೆ," ಎಂದ ಆತ. ಅವನು ಸಮಾಧಾನ ಹೇಳುವ ರೀತಿಯೇ ಅದು.

ಮರುದಿನ ಮಧ್ಯಾಹ್ನ ಬೀಗ ಬಿಚ್ಚಿ ಎಣ್ಣೆ ಬಿಡುತ್ತಾ ಕೂತಿದ್ದವನು, "ಕುಂಚ ಕೊಡೇ, ತುಕ್ಕು ತೆಗೀಬೇಕು," ಎಂದ. ಆಕೆ ಡಬ್ಬಿಗೆ ಕೈ ಹಾಕಿದಳು. ಡಬ್ಬಿ ಇದ್ದದ್ದು ಹಳೇ ಕ್ಯಾಮೆರಾದ ಮೇಲೆ. ಕಿಟಕಿಯಿಂದ ನಡುಹಗಲಿನ ಬಿಸಿಲು ಬಂದು ಪೆಟ್ಟಿಗೆಯ ಮುಖದ ಮೇಲೆ ನೇರ ಬಿದ್ದಿತ್ತು. ಮರದ ಗೀರು, ಮೊಳೆ, ಧೂಳು, ಎಲ್ಲ ಕಾಣುತ್ತಿತ್ತು. ಲೆನ್ಸಿನ ತೂತು ಮಾತ್ರ ಕಪ್ಪಗಿತ್ತು. ಎಂಥ ಕಪ್ಪೆಂದರೆ, ಬಿಸಿಲು ಅಲ್ಲಿಯವರೆಗೆ ಬಂದು ಎಡವಿ ಒಳಗೆ ಬಿದ್ದುಹೋದಂತಿತ್ತು.

ಆಕೆ ಪೆಟ್ಟಿಗೆಯ ಹಿಂಬದಿ ತೆಗೆದು ನೋಡಿದಳು. ಒಳಗೆ ಬಳಿದಿದ್ದದ್ದು ಮಾಮೂಲಿ ಕರಿಬಣ್ಣ, ಅದೂ ಮಾಸಿದ್ದು. ಮುಚ್ಚಿದಳು. ಮತ್ತೆ ಅದೇ ಕಡುಗಪ್ಪು.

"ನೋಡ್ರೀ ಇಲ್ಲಿ."

ಗಂಡ ಬಂದು ಬಗ್ಗಿ ನೋಡಿದ. "ಇದೇನು ಹೊಸದಾ? ಎಲ್ಲಾ ಬೀಗದ ತೂತೂ ಹೀಗೇ. ಒಳಗೆ ಹೋದ ಬೆಳಕು ಗೋಡೆಗೆ ತಗುಲಿ ತಗುಲಿ ಸುಸ್ತಾಗುತ್ತೆ, ವಾಪಸು ಬರೋ ದಾರಿ ಸಿಗಲ್ಲ. ನಾನು ಮೂವತ್ತು ವರ್ಷದಿಂದ ಇಂಥ ಕಪ್ಪನ್ನೇ ನೋಡ್ಕೊಂಡು ಕೂತಿದ್ದೀನಿ."

"ಮೂವತ್ತು ವರ್ಷದಲ್ಲಿ ಒಂದು ದಿನ ಹೇಳಬಾರದಿತ್ತಾ?"

"ನೀನು ಕೇಳಿದ್ಯಾ?"

ಆಕೆ ಕುಂಚವನ್ನು ಅವನ ಕೈಗೆ ಕೊಟ್ಟವಳೇ ಮೇಷ್ಟ್ರನ್ನು ಹುಡುಕಿಕೊಂಡು ಗುಮ್ಮಟಕ್ಕೆ ಓಡಿದಳು. ಚೆಂಡಿನ ಬದಲು ತೂತು ಇಟ್ಟರೆ ಸುಳ್ಳಾಗುತ್ತದೆಯೇ ಎಂದು ಕೇಳಿದಳು. ಮೇಷ್ಟ್ರು ಬಹಳ ಹೊತ್ತು ಯೋಚಿಸಿ, ಹಿಂದೆಂದೂ ಇಲ್ಲದಂತೆ ಒಬ್ಬರಿಗೆ ಮಾತ್ರ ಕೇಳಿಸುವ ದನಿಯಲ್ಲಿ ಹೇಳಿದರು: "ಅಷ್ಟು ಕಪ್ಪಗಿರುವ ಚೆಂಡಿಗೆ ನೆರಳಿಲ್ಲ, ಹೊಳಪಿಲ್ಲ, ಉಬ್ಬು ಕಾಣೋದಿಲ್ಲ. ನೋಡೋರ ಕಣ್ಣಿಗೆ ಅದು ತೂತೇ. ಸುಳ್ಳಾಗಲ್ಲಮ್ಮ. ಚೆಂಡು ಮಾಡಿದ್ರೇನೇ ಸುಳ್ಳು."

ಈಗ ಬೇಕಾದದ್ದು ಆಳವಾದ ಒಂದು ದೊಡ್ಡ ಪೆಟ್ಟಿಗೆ. ಪ್ಲೈವುಡ್ ಬೇಕೆಂದು ಅರ್ಜಿ ಹಾಕಿದರೆ ಸಹಿ ಮಾಡಬೇಕಾದವರು ನಿರ್ದೇಶಕರು. ಅವರು ನೀಲಿ ಬಣ್ಣಕ್ಕೆ ಮಾತ್ರ ಸಹಿ ಮಾಡುವವರು. ಸಂಜೆ ಆಕೆ ಮನೆಯಲ್ಲಿ ಸುತ್ತ ಕಣ್ಣಾಡಿಸಿದಳು. ಕಣ್ಣು ಅತ್ತೆಯ ಮರದ ಬೀರುವಿನ ಮೇಲೆ ನಿಂತಿತು. ಅತ್ತೆ ಅದನ್ನು ನೋಡಿಬಿಟ್ಟರು.

"ಅದನ್ನ ಯಾಕೆ ಹಾಗೆ ನೋಡ್ತಿದ್ದೀಯ?"

"ಎತ್ತರ ಎಷ್ಟಿದೆ ಅಂತ, ಅತ್ತೆ."

"ಆರಡಿ. ನನ್ನ ಮದುವೇಲಿ ನಮ್ಮಪ್ಪ ಮಾಡಿಸಿದ್ದು."  ಅತ್ತೆ ಎದ್ದು ಬೀರುವಿನ ಬಾಗಿಲು ತೆಗೆದು, ಬಟ್ಟೆಗಳನ್ನು ಒಂದೊಂದಾಗಿ ಮಂಚದ ಮೇಲೆ ಹಾಕತೊಡಗಿದರು. "ಕೆಲಸ ಕಾಯಂ ಆದ್ರೆ ಹೊಸದು ತಂದುಕೊಡು. ಕೆಲಸ ಹೋದ್ರೆ ಹೇಗೂ ಮನೇಲೇ ಬಿದ್ದಿರ್ತೀಯಲ್ಲ, ದಿನಾ ನನ್ನ ಬಟ್ಟೆ ಮಡಿಸಿಡು. ನನಗೆ ಎರಡರಲ್ಲೂ ನಷ್ಟ ಇಲ್ಲ."

ಬೀರು ಕೈಗಾಡಿಯಲ್ಲಿ ಭವನದ ಹಿಂಬಾಗಿಲು ಸೇರಿತು. ಅದನ್ನು ಮೇಜುಗಳ ಮೇಲೆ ಮಲಗಿಸಿ, ನೆತ್ತಿಯ ಹಲಗೆಯಲ್ಲಿ ಒಂದಡಿ ಅಗಲದ ದುಂಡನೆಯ ತೂತು ಕೊರೆದರು. ತೂತಿನ ಅಂಚು ದಪ್ಪಗಿದ್ದರೆ ಹಲಗೆ ಎಂದು ಗೊತ್ತಾಗುತ್ತದೆ. ಹಾಗಾಗಿ ಗಂಡ ಅರದಿಂದ ಉಜ್ಜಿ ಅದನ್ನು ಬ್ಲೇಡಿನಷ್ಟು ತೆಳ್ಳಗೆ ಮಾಡಿದ. ಒಳಗೆಲ್ಲ ಕರಿ ಮಕಮಲ್ಲು ಅಂಟಿಸಿ, ಅದರ ಮೇಲೆ ಎರಡು ತಿಂಗಳು ಕೂಡಿಸಿದ್ದ ಮಸಿಯನ್ನು ಉದುರಿಸಿದ್ದಾಯಿತು. ತಳದ ಹಲಗೆಯನ್ನು ಓರೆಯಾಗಿ ನಿಲ್ಲಿಸಿದ್ದು ಆಕೆ, ನೇರ ಬಂದ ಬೆಳಕು ನೇರ ವಾಪಸು ಹೋಗದಿರಲೆಂದು. ಆ ಮೂಲೆಯಲ್ಲಿ ಒಂದು ಪುಟ್ಟ ಬಲ್ಬು, ಅದಕ್ಕೆ ಒಂಬತ್ತು ಸುತ್ತು ಕೆಂಪು ಕಾಗದ. ಹತ್ತಿದೆಯೋ ಇಲ್ಲವೋ ಎಂದು ಸಂಶಯ ಬರುವಷ್ಟೇ ಬೆಳಕು. ಹೊಸ ಕೋಣೆಯ ಗೋಡೆಗೆ ನೆತ್ತಿಯ ಹಲಗೆ ಸಮವಾಗಿ ಬರುವಂತೆ ಬೀರುವನ್ನು ಹಿಂದಿನಿಂದ ಕೂರಿಸಿ, ತೂತಿನ ಸುತ್ತ ಆಕಾಶ ಬರೆದು ನಕ್ಷತ್ರ ಚುಚ್ಚಿದಳು. ದೀಪ ಹಾಕಿಸಿದಳು. ಒಂದು, ಎರಡು, ನಾಲ್ಕು. ದೀಪ ಹೆಚ್ಚಾದಷ್ಟೂ ಆಕಾಶ ಬೆಳಗಿತು, ಟ್ರೆಸ್-2ಬಿ ಜಪ್ಪಯ್ಯ ಎಂದರೂ ಬೆಳಗಲಿಲ್ಲ.

ಆಕೆ ಮೂರು ಹೆಜ್ಜೆ ಹಿಂದೆ ಸರಿದು ನೋಡಿದಳು. 'ಇನ್ನೂ,' 'ಇನ್ನೊಂದು ಚೂರು' ಎನ್ನುವ ಆ ಹಳೇ ದನಿಗಾಗಿ ಕಿವಿಗೊಟ್ಟಳು. ದನಿ ಸುಮ್ಮನಿತ್ತು. ಕೆಲಸ ಹೋದರೂ ಇದು ಮುಗಿದಿದೆ ಎಂದುಕೊಂಡು, ನೀಲಿ ಬಣ್ಣದ ಡಬ್ಬಿಯನ್ನು ಮುಚ್ಚಳ ತೆಗೆಯದೆ ಉಗ್ರಾಣಕ್ಕೆ ವಾಪಸು ಕೊಟ್ಟಳು.

ಉದ್ಘಾಟನೆಯ ಹಿಂದಿನ ಸಂಜೆ ನಿರ್ದೇಶಕರು ಇಸ್ತ್ರಿ ಮುರಿಯದ ಬಿಳಿ ಅಂಗಿಯಲ್ಲಿ, ಭಾಷಣದ ಹಾಳೆ ಹಿಡಿದು ಬಂದರು. ಆರು ಗ್ರಹಗಳಿಗೆ ತಲೆಯಾಡಿಸಿದರು. ಏಳನೆಯದರ ಮುಂದೆ ತಲೆ ನಿಂತಿತು.

"ಚೆಂಡೆಲ್ಲಿ? ಗೋಡೆಗೆ ಕಪ್ಪು ಬಳಿದುಬಿಟ್ಟಿದ್ದೀರಾ? ನಾನು ಏನು ಹೇಳಿದ್ದೆ?"

"ಇದೇ ಸಾರ್ ಅದು."

"ಇನ್ನೂ ಹಸಿ ಇದೆ ಅಂತ ಕಾಣುತ್ತೆ," ಎಂದು, ಬಣ್ಣ ಕಂಡಲ್ಲೆಲ್ಲ ಮಾಡುವಂತೆ, ಒಣಗಿದೆಯೇ ಎಂದು ನೋಡಲು ಬೆರಳು ಚಾಚಿ ಒತ್ತಿದರು.

ಒತ್ತಲು ಅಲ್ಲೇನೂ ಇರಲಿಲ್ಲ. ಬೆರಳು ಹೋಯಿತು, ಅದರ ಹಿಂದೆ ಕೈ, ಮೊಣಕೈ, ಭುಜ. ನಿರ್ದೇಶಕರ ಕೆನ್ನೆ ಆಕಾಶಕ್ಕೆ ಹೋಗಿ ತಗುಲಿತು. "ಅಮ್ಮಾ," ಎಂದರು ಅವರು, ಐದು ವರ್ಷದವರಂತೆ. ಜೊತೆಗೆ ಬಂದಿದ್ದ ಮೇಷ್ಟ್ರು ಬಾಯಿಗೆ ಕೈ ಅಡ್ಡ ಹಿಡಿದು ಗುಮ್ಮಟದ ಕಡೆ ತಿರುಗಿದರು.

ಕೈ ಹೊರಗೆ ಬಂದಾಗ ಅಂಗಿಯ ಒಂದು ತೋಳು ಮಾತ್ರ ಬೇರೆ ಗ್ರಹದ್ದಾಗಿತ್ತು. ಆದರೆ ನಿರ್ದೇಶಕರು ತೋಳು ನೋಡಿಕೊಳ್ಳಲಿಲ್ಲ. ಕಣ್ಣು ಕಿರಿದು ಮಾಡಿ, ತೂತಿಗೆ ಮುಖ ಹತ್ತಿರ ತಂದು, ಒಳಗೆ ಇಣುಕಿದರು. 

"ಒಳಗೆ ಏನೋ ಇದೆ," ಎಂದರು ಮೆಲ್ಲಗೆ.

"ಕೆಂಡ ಸಾರ್. ಅಲ್ಲಿ ಬಿಸಿ ಜಾಸ್ತಿ."

"ಎಷ್ಟು ಆಳ ಇದೆ ಇದು?"

"ಆರಡಿ ಸಾರ್. ನಮ್ಮತ್ತೆ ಬೀರು."

ಮಾರನೇ ದಿನ ಅವರು ತಮ್ಮ ಭಾಷಣದಲ್ಲಿ, ಗ್ರಹವು ಕಪ್ಪಗೇ ಇರಬೇಕೆಂದು ತಾವು ಮೊದಲಿನಿಂದಲೂ ಪಟ್ಟು ಹಿಡಿದದ್ದನ್ನು ವಿವರಿಸಿದರು. ಮಸಿಯಕ್ಕ ಹಿಂದಿನ ಸಾಲಿನಲ್ಲಿ ಕೂತು ತಲೆಯಾಡಿಸಿದಳು. ಆಕೆಗೆ ಬೇಕಾಗಿದ್ದದ್ದು ಕಪ್ಪು, ಅದರ ಕೀರ್ತಿಯಲ್ಲ. ಮುಖ್ಯ ಅತಿಥಿಗಳು, ತುಂಬಾ ವಯಸ್ಸಾದ ಒಬ್ಬ ಗಣಿತದ ಪ್ರಾಧ್ಯಾಪಕಿ, ಆರು ಗ್ರಹಗಳನ್ನು ಆರು ನಿಮಿಷದಲ್ಲಿ ದಾಟಿ ಏಳನೆಯದರ ಮುಂದೆ ಕುರ್ಚಿ ತರಿಸಿಕೊಂಡು ಕೂತುಬಿಟ್ಟರು. ಎಷ್ಟು ಆಳವಿದೆ ಎಂದು ತೋರಿಸಲು ನಿರ್ದೇಶಕರು ಇನ್ನೊಂದು ತೋಳನ್ನೂ ಬಲಿಕೊಟ್ಟರು.

"ಇದನ್ನ ಮಾಡಿದವರು ಯಾರು?" ಎಂದರು ಅತಿಥಿಗಳು.

ಮೈಕು ಇನ್ನೂ ಚಾಲೂ ಇತ್ತು. ಮುನ್ನೂರು ಜನ ಕೇಳಿಸಿಕೊಳ್ಳುತ್ತಿದ್ದರು. ಹಂಗಾಮಿಯೊಬ್ಬಳು ಮನೆಯ ಬೀರು ತಂದು ಮಾಡಿದ್ದು ಎನ್ನುವುದು ಅಂಥ ಸಮಯದಲ್ಲಿ ಆಕರ್ಷಕವಾಗಿರುವುದಿಲ್ಲ.

"ನಮ್ಮ ಕಾಯಂ ಕಲಾವಿದರು, ಮೇಡಂ," ಎಂದುಬಿಟ್ಟರು ನಿರ್ದೇಶಕರು.

ಹಾಗೆ ಬಾಯಿಂದ ಬಿದ್ದ ಮಾತು ಪತ್ರಿಕೆಯಲ್ಲೂ ಬಂತು. ಅಚ್ಚಾದ ಮೇಲೆ ಮಾತನ್ನು ನಿಜ ಮಾಡದೆ ಬೇರೆ ದಾರಿ ಉಳಿಯಲಿಲ್ಲ. ಅಂದು ಸಂಜೆ, ನಿರ್ದೇಶಕರು ಬಂದವರಿಗೆಲ್ಲ ಕೈ ಹಾಕಿ ಆಳ ತೋರಿಸಿ ಮುಗಿದ ಮೇಲೆ, ಕಡತ ಮೂರನೆಯ ಜಾಗದಿಂದ ಮೇಲೆದ್ದು ಸಹಿಯಾಗಿ ಕೇಂದ್ರ ಕಚೇರಿಗೆ ಹೋಯಿತು. ಎರಡು ವಾರಕ್ಕೆ ವಾಪಸು ಬಂತು. ಸಹಿಯ ಪಕ್ಕದಲ್ಲಿರುವ ಕಪ್ಪು ಹೆಬ್ಬೆರಳಿನ ಗುರುತು ಯಾರದು, ಏನು, ಸಂಬಂಧಪಟ್ಟವರು ವಿವರಣೆ ನೀಡಬೇಕು ಎಂದು ಅಂಚಿನಲ್ಲಿ ಬರೆದಿತ್ತು. ಮಸಿಯಕ್ಕ ಅದರ ಕೆಳಗೆ ದುಂಡಗೆ, 'ಬೆರಳು ನಿರ್ದೇಶಕರದು, ಕಪ್ಪು ಟ್ರೆಸ್-2ಬಿಯದು' ಎಂದು ಬರೆದಳು. ಮೇಷ್ಟ್ರು ದೃಢೀಕರಿಸಿ ಸಹಿ ಹಾಕಿದರು. ಬೇಸಿಗೆ ಹತ್ತುವ ಹೊತ್ತಿಗೆ ಆದೇಶ ಬಂತು. ಅತ್ತೆಗೆ ಹೊಸ ಬೀರು ಬಂತು. ಬಾಗಿಲು ಕಿರುಗುಟ್ಟುತ್ತದೆ, ನಮ್ಮಪ್ಪ ಮಾಡಿಸಿದ್ದು ಹಾಗಿರಲಿಲ್ಲ ಎಂದು ಅವರು ದಿನಕ್ಕೆರಡು ಬಾರಿ ಹೇಳುತ್ತಾರೆ. ವಾರಕ್ಕೊಮ್ಮೆ ಭವನಕ್ಕೆ ಹೋಗಿ ಹಳೆಯದನ್ನು ನೋಡಿ ಬರುತ್ತಾರೆ. ಸಾಲಿನಲ್ಲಿ ನಿಂತವರಿಗೆ, "ಕೆಳಗಿನ ಖಾನೇಲಿ ನನ್ನ ಉಣ್ಣೆ ಶಾಲು ಇರ್ತಿತ್ತು," ಎಂದು ಬ್ರಹ್ಮಾಂಡದ ಆ ಭಾಗವನ್ನು ತೋರಿಸುತ್ತಾರೆ.

ಇದನ್ನು ಬರೆಯುತ್ತಿರುವ ಮನುಷ್ಯನೂ ಒಂದು ಭಾನುವಾರ ಆ ಸಾಲಿನಲ್ಲಿ ನಿಂತು, ತೂತಿನ ಮುಂದೆ ಬಂದು, ಬಸ್ಸಿನಲ್ಲಿ ಕೇಳಿದ್ದ ಮಾತು ನೆನಪಾಗಿ, ಇದ್ದಲ್ಲೇ ಕಿವಿ ಕೆಂಪು ಮಾಡಿಕೊಂಡ. ಹಿತ್ತಲಿನ ತಗಡಿನ ಕೋಣೆಗೆ ಹೋಗಿ ಕ್ಷಮೆ ಕೇಳಿದ. ಮಸಿಯಕ್ಕ ಎಂಟನೆಯ ಗ್ರಹಕ್ಕೆ ಪತ್ರಿಕೆ ಹರಿಯುತ್ತಿದ್ದವಳು ಸ್ಟೂಲು ತೋರಿಸಿದಳು, ಚಹಾ ಕೊಟ್ಟಳು, ಮೇಲೆ ಬರೆದದ್ದನ್ನೆಲ್ಲ ಹೇಳಿದಳು. ಅಲ್ಲಿಗೆ ಎದ್ದು ಬಂದಿದ್ದರೆ ಅವನ ಮರ್ಯಾದೆ ಉಳಿಯುತ್ತಿತ್ತು. ಆದರೆ ಹೊರಡುವಾಗ ಬಾಗಿಲಲ್ಲಿ ನಿಂತು, ತಾನೂ ಒಂದು ಅಭಿಪ್ರಾಯ ಕೊಡದಿದ್ದರೆ ಚೆನ್ನಾಗಿರುವುದಿಲ್ಲವೆಂದು ಕೇಳಿದ:

"ಅಲ್ಲಮ್ಮ, ಒಂದೇ ಒಂದು ಚೂರು ತಿಳಿ ಮಾಡಿದ್ರೆ ನೋಡೋಕೆ ಇನ್ನೂ ಚೆನ್ನಾಗಿರ್ತಿತ್ತಲ್ವಾ? ಅಷ್ಟು ದೂರದಿಂದ ಯಾರು ಬಂದು ಕೇಳ್ತಾರೆ?"

ಮಸಿಯಕ್ಕ ಕೈಯಲ್ಲಿದ್ದ ಪತ್ರಿಕೆಯನ್ನು ಉದ್ದಕ್ಕೆ ಹರಿದು ನೀರಿಗೆ ಹಾಕಿದಳು.

"ಅದನ್ನ ಹೆತ್ತೋಳು ಬಂದು ನನ್ನ ಮಗ ಎಲ್ಲಿ ಅಂದ್ರೆ, ಮಾತಾಡೋಕೆ ನೀವು ಬರ್ತೀರಾ?"